ಮೂಗುದಾರವಿಲ್ಲದ ನೆಲ

ಬೇಸಿಗೆ ರಜೆಯಲ್ಲಿ ಬುತ್ತಿ ಕಟ್ಟಿಕೊಂಡು, ಮಕ್ಕಳನ್ನು ವ್ಯಾನಿನಲ್ಲಿ ತುಂಬಿಕೊಂಡು ಯೊಸೆಮಿಟಿಗೆ ಹೋಗಿಬಂದ ಸಂಸಾರಗಳು ನಮ್ಮಲ್ಲಿ ಬೇಕಾದಷ್ಟಿವೆ. ಜಲಪಾತದ ಮುಂದೆ ಫೋಟೊ ತೆಗೆಸಿಕೊಂಡು, ಚಿತ್ರಾನ್ನ ತಿಂದು ಹಿಂತಿರುಗುವ ನಾವು ಆ ಉದ್ಯಾನದ ಶೇಕಡಾ 94ರಷ್ಟು ಭಾಗಕ್ಕೆ ಕಾಲಿಟ್ಟೇ ಇರುವುದಿಲ್ಲ. 1984ರಲ್ಲಿ ಅಮೆರಿಕದ ಕಾಂಗ್ರೆಸ್ಸು ಅದನ್ನು 'ವಿಲ್ಡರ್‌ನೆಸ್' ಎಂದು ಘೋಷಿಸಿತು. ಅಲ್ಲಿ ಕಾರಿರಲಿ, ಸೈಕಲ್ಲೂ ಹೋಗುವಂತಿಲ್ಲ.

ಇಷ್ಟು ಕಟ್ಟುನಿಟ್ಟು ಏಕೆಂದು ತಿಳಿಯಲು ನಾವು ನ್ಯೂ ಮೆಕ್ಸಿಕೊಕ್ಕೆ ಹೋಗಬೇಕು. ಅಲ್ಲಿಯ ಗಿಲಾ ಕಾಡನ್ನು 1924ರಲ್ಲಿ, ಆಲ್ಡೊ ಲಿಯೊಪಾಲ್ಡ್ ಎಂಬ ಅಧಿಕಾರಿಯ ಒತ್ತಾಯದ ಮೇಲೆ, ಅರಣ್ಯ ಇಲಾಖೆ ರಸ್ತೆಯಿಲ್ಲದ ಸೀಮೆಯಾಗಿ ಮೀಸಲಿಟ್ಟಿತು. ಆದರೆ ಅದು ಬರಿಯ ಇಲಾಖೆಯ ಆದೇಶ. ಜಿಂಕೆಗಳು ಮಿತಿಮೀರಿದವು, ಬೇಟೆಗಾರರಿಗೆ ದಾರಿ ಬೇಕು ಎಂದು ಹತ್ತು ವರ್ಷ ತುಂಬುವ ಮೊದಲೇ ಅದೇ ಇಲಾಖೆ ಕಾಡನ್ನು ಸೀಳಿ ರಸ್ತೆ ಹಾಕಿತು! ಬರೆದ ಕೈಯೇ ಅಳಿಸಿತು.

ಹಾಗಾಗದಂತೆ ಕಾಯಿದೆಯೇ ಬೇಕೆಂದು ಹಟ ಹಿಡಿದವರು ವಿಲ್ಡರ್‌ನೆಸ್ ಸೊಸೈಟಿಯ ಹೊವರ್ಡ್ ಜಾನೈಸರ್. 1956ರಲ್ಲಿ ಅವರು ಮೊದಲ ಕರಡು ಬರೆದರು. ಗಣಿ, ಮರಮುಟ್ಟು, ದನಗಾವಲಿನ ಹಿತಾಸಕ್ತಿಗಳು ಎದುರು ನಿಂತವು. ಎಂಟು ವರ್ಷಗಳಲ್ಲಿ 18 ವಿಚಾರಣೆಗಳು, 66 ಕರಡುಗಳು. ಇಂಥ ನೆಲವನ್ನು ಬಣ್ಣಿಸಲು ಅವರು ಆರಿಸಿದ್ದು 'ಅನ್‌ಟ್ರ್ಯಾಮಲ್ಡ್' ಎಂಬ ಪದ. ಯಾರಿಗೂ ಅರ್ಥವಾಗದ ಹಳೆಯ ಮಾತೆಂದು ಜೊತೆಯವರೇ ಆಕ್ಷೇಪಿಸಿದರೂ ಬಿಡಲಿಲ್ಲ. ನಮ್ಮ ರೈತನಿಗೆ ಅದು ಬೇಗ ಅರ್ಥವಾದೀತು: ಮೂಗುದಾರ ಹಾಕದ್ದು.

1964ರ ಮೇ ತಿಂಗಳಲ್ಲಿ ಜಾನೈಸರ್ ತೀರಿಕೊಂಡರು. ಸೆಪ್ಟೆಂಬರ್ 3ರಂದು ಅಧ್ಯಕ್ಷ ಜಾನ್ಸನ್ ಸಹಿ ಹಾಕುವಾಗ ಪಕ್ಕದಲ್ಲಿದ್ದದ್ದು ಅವರ ಪತ್ನಿ ಆಲಿಸ್.

ರಾಜಿಯೂ ಆಯಿತೆನ್ನಿ. ಹೊಸ ಗಣಿ ಹಕ್ಕುಗಳಿಗೆ 1983ರ ಕೊನೆಯವರೆಗೆ ಅವಕಾಶ ಕೊಡಬೇಕಾಯಿತು. ಆದರೂ ಮುಖ್ಯ ಮಾತು ಉಳಿಯಿತು: ಒಮ್ಮೆ ಸೇರಿದ ನೆಲವನ್ನು ಕಾಂಗ್ರೆಸ್ಸಿನ ಕಾಯಿದೆಯ ಹೊರತು ಯಾವ ಅಧಿಕಾರಿಯೂ ಹೊರಗಿಡಲಾರ. ಮೊದಲ ದಿನ ಸೇರಿದ್ದು 54 ಪ್ರದೇಶಗಳು, ಸುಮಾರು 91 ಲಕ್ಷ ಎಕರೆ. ಅಲಾಸ್ಕ ಒಂದರಲ್ಲೇ 1980ರಲ್ಲಿ ಸುಮಾರು 5.6 ಕೋಟಿ ಎಕರೆ ಸೇರಿತು. ಇಂದು 800ಕ್ಕೂ ಹೆಚ್ಚು ಪ್ರದೇಶಗಳಿಂದ 11 ಕೋಟಿ ಎಕರೆ ದಾಟಿದೆ.

ಕಾಯಿದೆಯ ಒಂದು ಮಾತು ಮಾತ್ರ ನಮಗೆ ಮುಳ್ಳಿನಂತೆ ಚುಚ್ಚುತ್ತದೆ. ಇಲ್ಲಿ ಮನುಷ್ಯ ಬಂದುಹೋಗುವ ಅತಿಥಿ, ನೆಲಸುವವನಲ್ಲ ಎನ್ನುತ್ತದೆ ಅದು. ಗಿಲಾ ಸೀಮೆ ಅಪಾಚೆ ಜನರ ಮನೆಯಾಗಿತ್ತು. 1886ರಲ್ಲಿ ಚಿರಿಕಾಹುವಾ ಅಪಾಚೆಗಳನ್ನು ಹೆಂಗಸರು ಮಕ್ಕಳೆನ್ನದೆ ಸೆರೆಯಾಳುಗಳಾಗಿ ರೈಲಿನಲ್ಲಿ ಫ್ಲಾರಿಡಾಕ್ಕೆ ಸಾಗಿಸಲಾಯಿತು. ಲಿಯೊಪಾಲ್ಡ್ ಅಲ್ಲಿ ಕಂಡ ನಿರ್ಜನ ಕಾಡಿಗೆ ಆಗ ಇನ್ನೂ ನಲವತ್ತು ವರ್ಷ ತುಂಬಿರಲಿಲ್ಲ.