ಹಳೆಯ ಕೋವಿಗಳ ಮೈಬರಹ

ಶಾಸನವೆಂದೊಡನೆ ನಮ್ಮ ನೆನಪಿಗೆ ಬರುವುದು ಕಲ್ಲು ಮತ್ತು ತಾಮ್ರ. ಬಿ. ಎಲ್. ರೈಸರು 1905ರಲ್ಲಿ ಪ್ರಕಟಿಸಿದ ಎಪಿಗ್ರಾಫಿಯ ಕರ್ನಾಟಿಕದ ಒಂಬತ್ತನೆಯ ಸಂಪುಟದಲ್ಲಿ ಮಾಗಡಿ, ಚನ್ನಪಟ್ಟಣ, ಕಾನಕಾನಹಳ್ಳಿಗಳ ಬರಹಗಳಿವೆ. ಆ ಕಾನಕಾನಹಳ್ಳಿಯೇ ಇಂದಿನ ಕನಕಪುರ. ಬೇಟೆಯನ್ನು ಕುರಿತ ಬರಹವೂ ನಮಗೆ ಹೊಸತಲ್ಲ. ಚನ್ನಪಟ್ಟಣಕ್ಕೆ ನೆರೆಯದಾದ ಮದ್ದೂರು ತಾಲ್ಲೂಕಿನ ಆತಕೂರಿನ ಕಲ್ಲು, ಹತ್ತನೆಯ ಶತಮಾನದ ನಡುವೆ ಹಂದಿಯೊಡನೆ ಹೋರಾಡಿ ಮಡಿದ ನಾಯಿಯೊಂದರ ಹೆಸರನ್ನು, ಕಾಳಿ ಎಂದು, ಇಂದಿಗೂ ಉಳಿಸಿಕೊಂಡಿದೆ. ಉಕ್ಕಿನ ಮೇಲಿನ ಬೇಟೆಯ ಬರಹಕ್ಕೆ ಮಾತ್ರ ಈ ಭಾಗ್ಯ ಬಂದಿಲ್ಲ. ನಾನು ಹೇಳಹೊರಟಿರುವುದು ಬ್ರಿಟನ್ನಿನಲ್ಲಿ ಹುಟ್ಟಿ ನಮ್ಮ ಹಳೆಯ ಮನೆಗಳಿಗೂ ಬಂದು ಸೇರಿದ ಸಣ್ಣ ನಳಿಗೆಯ ಬೇಟೆ ರೈಫಲುಗಳ ವಿಚಾರ.

ತುಬಾಕಿ ಎಂಬ ಮಾತು ತುರ್ಕಿಯಿಂದ ಬಂದುದು, ಬಂದೂಕು ಅರಬ್ಬಿಯಿಂದ. ಕೋವಿ ನಮ್ಮದೇ ಪದ. ಕೊಳವೆಯೆಂದು ಅದರ ಅರ್ಥ. ಆದರೆ ರೈಫಲಿಗೆ ನಮ್ಮಲ್ಲಿ ಬೇರೆ ಹೆಸರು ಹುಟ್ಟಲಿಲ್ಲ. ಸಾಮಾನ್ಯ ಕೋವಿಯ ನಳಿಗೆ ಒಳಗೆ ನುಣುಪು. ರೈಫಲಿನ ನಳಿಗೆಯೊಳಗೆ ಸುರುಳಿಯಾಗಿ ಗೀರುಗಳನ್ನು ಕೊರೆದಿರುತ್ತಾರೆ. ಹೊರಡುವ ಗುಂಡನ್ನು ಆ ಗೀರುಗಳು ಚನ್ನಪಟ್ಟಣದ ಬುಗುರಿಯಂತೆ ತಿರುಗಿಸುತ್ತವೆ. ತಿರುಗುವ ಗುಂಡು ನೇರ ದಾರಿ ಬಿಡುವುದಿಲ್ಲ.

ಇಂಗ್ಲೆಂಡಿನ ಹೊಲಗಳಲ್ಲಿ ರೂಕ್ ಎಂಬ, ಕಾಗೆಯ ಜಾತಿಗೆ ಸೇರಿದ ಒಂದು ಹಕ್ಕಿಯುಂಟು. ಅದರ ಮರಿಗಳು ಗೂಡು ಬಿಡುವ ಕಾಲದಲ್ಲಿ ಅವನ್ನು ಹೊಡೆಯುವುದು ಅಲ್ಲಿನ ಜಮೀನುದಾರರಿಗೆ ಒಂದು ವಿನೋದವಾಗಿದ್ದಿತು. ಅದಕ್ಕೆಂದೇ 19ನೆಯ ಶತಮಾನದ ಉತ್ತರಾರ್ಧದಲ್ಲಿ ಹಗುರವಾದ, ಸದ್ದು ಕಡಿಮೆಯಾದ ರೂಕ್ ರೈಫಲ್ ರೂಪುಗೊಂಡಿತು. ಅದರ ನಳಿಗೆಯ ಒಳವ್ಯಾಸ ಒಂದಂಗುಲದ ಸಾವಿರದಲ್ಲಿ 250, 300 ಅಥವಾ 360 ಭಾಗ. ಕಾಗೆಯ ಬಳಗಕ್ಕೆಂದು ಇಷ್ಟು ನಾಜೂಕಿನ ಕೆಲಸವೇ ಎಂದು ಯಾರಿಗಾದರೂ ಅನ್ನಿಸೀತು! ಆದರೆ ಲಂಡನ್ನಿನ ಹಾಲೆಂಡ್ ಅಂಡ್ ಹಾಲೆಂಡ್, ಬರ್ಮಿಂಗ್‌ಹ್ಯಾಮಿನ ವೆಸ್ಟ್ಲಿ ರಿಚರ್ಡ್ಸ್‌ನಂಥ ಹೆಸರಾಂತ ಮನೆಗಳೇ ಇವನ್ನು ಮಾಡಿದವು. ಮುಂದೆ ನೂರರಲ್ಲಿ 22 ಭಾಗದ ಅಗ್ಗದ ತೋಟೆ ಎಲ್ಲೆಡೆ ಹಬ್ಬಿ ಇವನ್ನು ಮೂಲೆಗೆ ತಳ್ಳಿತು.

ಇಂಡಿಯಾಕ್ಕೆ ಬಂದ ಇಂಗ್ಲಿಷರ ಸಾಮಾನಿನಲ್ಲಿ ಹುಲಿಗೆ ಒಂದು ದೊಡ್ಡ ರೈಫಲ್ ಇದ್ದಂತೆ, ನವಿಲು ಕಾಡುಕೋಳಿಗಳಿಗೆ ಒಂದು ಚಿಕ್ಕದೂ ಇರುತ್ತಿದ್ದುದುಂಟು. ಬ್ರಿಟಿಷ್ ಇಂಡಿಯಾದ 1878ರ ಆಯುಧ ಕಾಯಿದೆಯಲ್ಲಿ ಯುರೋಪಿಯನ್ನರಿಗೆ ವಿನಾಯಿತಿ, ನಮ್ಮವರಿಗೆ ಪರವಾನಗಿ. ರೈತನ ಪಾಲಿಗೆ ಬಂದುದು ಬಾಯಿಂದ ಮದ್ದು ತುಂಬುವ ಕೇಪಿನ ಕೋವಿ, ಅದೂ ಬೆಳೆ ಕಾಯುವುದಕ್ಕೆ. ನಮ್ಮ ಈ ಕಾಡುಗಳಿಗೆ ಕೀರ್ತಿ ತಂದ ರೈಫಲಾದರೋ ಬ್ರಿಟಿಷರದೂ ಅಲ್ಲ, ಸಣ್ಣದೂ ಅಲ್ಲ. ಮಾಗಡಿಯ ಚಿರತೆಯ ಕಥೆ ಬರೆದ ಬೆಂಗಳೂರಿನ ಕೆನೆತ್ ಆಂಡರ್ಸನ್ (1910–1974) ಹಿಡಿದದ್ದು ಅಮೆರಿಕದ .405 ವಿಂಚೆಸ್ಟರ್. ತೇಜಸ್ವಿಯವರ ‘ಕಾಡಿನ ಕಥೆಗಳು’ ಮೂಲಕ ಆಂಡರ್ಸನ್ ಕನ್ನಡದ ಮನೆಮನೆಗೂ ಬಂದರು. ಚಿಕ್ಕ ರೈಫಲುಗಳಿಗೆ ಅಂಥ ಕಥೆಗಾರ ಸಿಕ್ಕಲಿಲ್ಲ. ಅವುಗಳ ಕಥೆ ಅವುಗಳ ಮೈಮೇಲೆಯೇ ಇದೆ.

ಓದಲು ಕಲಿತವನಿಗೆ ಅದು ಸಣ್ಣ ಕಥೆಯಲ್ಲ. ನಳಿಗೆಯ ಮೇಲೆ ಮಾಡಿದವನ ಹೆಸರು, ಕೆಲವೊಮ್ಮೆ ಅವನ ಬೀದಿ. ಕೆಲವು ಕೋವಿಗಳ ಮೇಲೆ ಮಾರಿದವನ ಹೆಸರು ಮಾತ್ರ: ಕಲಕತ್ತೆಯ ಮ್ಯಾಂಟನ್, ರೋಡಾ, ಮದರಾಸಿನ ಪಿ. ಆರ್. ಆರ್ ಅಲ್ಲ, ಪಿ. ಓರ್ ಅಂಡ್ ಸನ್ಸ್. ನಳಿಗೆಯ ಬುಡದಲ್ಲಿ ಪರೀಕ್ಷೆಯ ಮೊಹರು. ಬ್ರಿಟನ್ನಿನಲ್ಲಿ ಪ್ರತಿಯೊಂದು ನಳಿಗೆಗೂ ಮಿತಿಮೀರಿ ಮದ್ದು ತುಂಬಿ ಹಾರಿಸಿ, ತಡೆದುಕೊಂಡರೆ ಮಾತ್ರ ಈ ಮೊಹರು ಒತ್ತುತ್ತಾರೆ. ಬರ್ಮಿಂಗ್‌ಹ್ಯಾಮಿನ ಪರೀಕ್ಷಾಗೃಹ 1813ರದು. ಅಡ್ಡಡ್ಡ ಇಟ್ಟ ಎರಡು ರಾಜದಂಡಗಳ ಅದರ ಹಳೆಯ ಮೊಹರು 1904ರಲ್ಲಿ ಬದಲಾಗಿ, ಕಿರೀಟದ ಕೆಳಗೆ ಬಿ.ಪಿ., ಬಿ.ವಿ. ಎಂಬ ಅಕ್ಷರಗಳು ಬಂದವು. ಲಿಪಿಯ ತಿರುವು ನೋಡಿ ಶಾಸನದ ಕಾಲ ಹೇಳುವ ನಮ್ಮ ವಿದ್ವಾಂಸರ ಕ್ರಮಕ್ಕೂ ಇದಕ್ಕೂ ಏನು ಭೇದ?

ಕಾಯಿದೆ ಈ ಕೋವಿಗಳ ಒಡಲನ್ನೇ ತಿದ್ದಿದ್ದುಂಟು. ಬ್ರಿಟನ್ನಿನಲ್ಲಿ 1920ರ ಕಾಯಿದೆ ರೈಫಲಿಗೆ ಪ್ರಮಾಣಪತ್ರ ಬೇಕೆಂದಿತು, ಚರೆಕೋವಿಗೆ ಬೇಡವೆಂದಿತು. ಅನೇಕ ಒಡೆಯರು ಸುರುಳಿ ಗೀರುಗಳನ್ನು ಕೊರೆಯಿಸಿ ತೆಗೆಸಿ ತಮ್ಮ ರೂಕ್ ರೈಫಲನ್ನು .410 ಅಳತೆಯ ಚರೆಕೋವಿಯಾಗಿ ಮಾಡಿಸಿಕೊಂಡರು. ಹೀಗೆ ಕೆಡದೆ ಉಳಿದುದೇ ಇಂದು ಸಂಗ್ರಹಕಾರರಿಗೆ ಪ್ರಿಯ. ಅಲ್ಲಿನ 1968ರ ಕಾಯಿದೆ ಕುತೂಹಲಕ್ಕೋ ಅಲಂಕಾರಕ್ಕೋ ಇಟ್ಟುಕೊಂಡ ಪುರಾತನ ಕೋವಿಗೆ ವಿನಾಯಿತಿ ಕೊಡುತ್ತದೆ. ಬಳಕೆ ತಪ್ಪಿದ ತೋಟೆಗಳ ಪಟ್ಟಿ 2021ರಿಂದ ನಿಯಮದಲ್ಲಿಯೇ ಸೇರಿದೆ.

ನಮ್ಮಲ್ಲಿ ಹಾಗಿಲ್ಲ. 1959ರ ಆಯುಧ ಕಾಯಿದೆಯ 45ನೆಯ ವಿಧಿಯಂತೆ ಹಳೆಯ ಕೋವಿ ಪರವಾನಗಿಯಿಂದ ಪಾರಾಗಬೇಕಾದರೆ ಅದು ದುರಸ್ತಿ ಮಾಡಿದರೂ ಹಾರದಂತಿರಬೇಕು. ತೋಟೆ ಸಿಕ್ಕದಿದ್ದರೆ ಸಾಲದು, ಕೋವಿಯೇ ಸತ್ತಿರಬೇಕು. 2019ರ ತಿದ್ದುಪಡಿ ಒಬ್ಬರಲ್ಲಿ ಇರಬಹುದಾದ ಕೋವಿಗಳನ್ನು ಮೂರರಿಂದ ಎರಡಕ್ಕೆ ಇಳಿಸಿತು. ಪಿತ್ರಾರ್ಜಿತಕ್ಕೂ ಅದೇ ಮಿತಿ. ಕೊಡಗಿನವರ ವಿನಾಯಿತಿಯದು ಬೇರೆಯೇ ಕಥೆ. ನಮ್ಮ ಸೀಮೆಯಲ್ಲಿ ಹಿರಿಯರು ತೀರಿಕೊಂಡ ಮೇಲೆ, ಬೆಂಗಳೂರಿನಲ್ಲಿ ನೌಕರಿಯಲ್ಲಿರುವ ಮಗನಿಗೆ ಪರವಾನಗಿಯ ತಾಪತ್ರಯ ಬೇಡ. ಕೋವಿ ಠಾಣೆಗೋ ವ್ಯಾಪಾರಿಗೋ ಹೋಗುತ್ತದೆ. ಇದರಲ್ಲಿ ಮಗನ ತಪ್ಪಿಲ್ಲ, ಕಾಯಿದೆಯ ಉದ್ದೇಶವೂ ಕೆಟ್ಟದ್ದಲ್ಲ. 1972ರ ವನ್ಯಜೀವಿ ಕಾಯಿದೆ ಬೇಟೆಗೆ ಕಡಿವಾಣ ಹಾಕಿದ್ದು ಒಳ್ಳೆಯದೇ ಆಯಿತು. ರಾಮದೇವರ ಬೆಟ್ಟ 2012ರಿಂದ ರಣಹದ್ದುಗಳ ಧಾಮವಾಗಿದೆ, ಕೋವಿಯ ಸದ್ದು ಅಲ್ಲಿಗೆ ಬೇಕಿಲ್ಲ.

ಆದರೆ ಕೋವಿಯನ್ನು ಒಪ್ಪಿಸುವ ಮುನ್ನ ಒಂದು ತೆಳುಕಾಗದವನ್ನು ನಳಿಗೆಯ ಮೇಲಿಟ್ಟು ಸೀಸದ ಕಡ್ಡಿಯಿಂದ ಮೆಲ್ಲಗೆ ಉಜ್ಜಿದರೆ ಹೆಸರು, ಊರು, ಮೊಹರು ಮೂಡುತ್ತವೆ. ಶಾಸನದ ಅಚ್ಚು ತೆಗೆಯುವುದೂ ಹೆಚ್ಚುಕಡಿಮೆ ಹೀಗೆಯೇ. ಕೊಂಡವರು ಯಾರು, ಯಾವ ವರ್ಷ, ಯಾರಿಂದ ಎಂಬುದನ್ನು ಹಳೆಯ ಪರವಾನಗಿ ಪುಸ್ತಕ ನೋಡಿ ಅದೇ ಕಾಗದದ ಹಿಂದೆ ಬರೆದಿಟ್ಟುಕೊಳ್ಳಬಹುದು. ಆ ಕಾಗದಕ್ಕೆ ಪರವಾನಗಿ ಬೇಕಿಲ್ಲ.