ಟ್ರಂಕಿನೊಳಗಿನ ಜೀವನಾಂಶ

ಹೋದ ತಿಂಗಳು ನ್ಯಾಮತಿಗೆ ಹೋಗಿದ್ದಾಗ ದೊಡ್ಡಮ್ಮ ಟ್ರಂಕಿನ ತಳದಿಂದ ಒಂದು ಕಾಗದ ತೆಗೆದು ನನ್ನ ಕೈಗೆ ಕೊಟ್ಟರು. "ಇದ್ರಾಗೆ ಇನ್ನೂ ಜೀವ ಐತೇನು ನೋಡಪ್ಪ" ಅಂದರು. 1985ರ ಕೋರ್ಟಿನ ಆದೇಶದ ನಕಲು. ಇಬ್ಬರು ಮಕ್ಕಳಿಗೆ ತಿಂಗಳಿಗೆ ತಲಾ 60 ರೂಪಾಯಿ. ದೊಡ್ಡಪ್ಪ ಕೊಟ್ಟಿದ್ದು ಒಂದೇ ವರ್ಷ. ಮಗನಿಗೆ 18 ತುಂಬಲು ಆಮೇಲೆ ಹತ್ತು ವರ್ಷ, ಮಗಳಿಗೆ ಹನ್ನೆರಡು. ಕೂತು ಲೆಕ್ಕ ಹಾಕಿದೆ, 15,840 ರೂಪಾಯಿ ಬಾಕಿ! ಈಗ ಮಕ್ಕಳಿಬ್ಬರಿಗೂ ತಲೆ ನರೆತಿದೆ.

ಈ 60 ರೂಪಾಯಿಗೆ ಒಂದು ಇತಿಹಾಸ ಇದೆ. ಹೆಂಡತಿ ಮಕ್ಕಳನ್ನು ಕೈಬಿಟ್ಟವನಿಂದ ಮ್ಯಾಜಿಸ್ಟ್ರೇಟರು ಹಣ ಕೊಡಿಸುವ ಪದ್ಧತಿ ಬ್ರಿಟಿಷರದ್ದು. 1872ರ ದಂಡ ಪ್ರಕ್ರಿಯಾ ಸಂಹಿತೆ ತಂದ ಜೇಮ್ಸ್ ಫಿಟ್ಜ್‌ಜೇಮ್ಸ್ ಸ್ಟೀಫನ್ ಇದನ್ನು ಅಲೆಮಾರಿತನ ತಡೆಯುವ ದಾರಿ ಎಂದೇ ಕರೆದಿದ್ದ. ಕರುಣೆಗಿಂತ ಬೀದಿ ಅಚ್ಚುಕಟ್ಟಾಗಿರಲಿ ಅನ್ನೋ ಕಾಳಜಿ... 1898ರ ಸಂಹಿತೆಯಲ್ಲಿ ಇದು ಸೆಕ್ಷನ್ 488, ಮಿತಿ ತಿಂಗಳಿಗೆ 50 ರೂಪಾಯಿ. 1923ರಲ್ಲಿ ಅದು 100 ಆಯ್ತು, 1955ರಲ್ಲಿ 500. 1974ರಿಂದ ಸೆಕ್ಷನ್ 125. ಆ 500ರ ಮಿತಿ ಹೋಗಿದ್ದು 2001ರಲ್ಲಿ!

ಕೊಡದಿದ್ದರೆ ವಾರಂಟು, ಬಾಕಿಯಿರುವ ಒಂದೊಂದು ತಿಂಗಳಿಗೂ ಒಂದು ತಿಂಗಳವರೆಗೆ ಜೈಲು. ಜೈಲಿಗೆ ಹೋಗಿಬಂದರೂ ಸಾಲ ತೀರಲ್ಲ ಅಂತ ಸುಪ್ರೀಂ ಕೋರ್ಟು 1988ರಲ್ಲಿ ಹೇಳಿದೆ. ಆದರೆ ಬಾಕಿಯಾದ ಒಂದು ವರ್ಷದೊಳಗೆ ಅರ್ಜಿ ಹಾಕಿರಬೇಕು.

ದೊಡ್ಡಮ್ಮ ಒಂದು ಸಲ ಹಾಕಿದ್ದರು. ಆಗ ನ್ಯಾಮತಿ ಹೊನ್ನಾಳಿ ತಾಲ್ಲೂಕಿನ ಹೋಬಳಿ, ಜಿಲ್ಲೆ ಶಿವಮೊಗ್ಗ. ದೊಡ್ಡಪ್ಪನ ಊರು ಜಗಳೂರಿನ ಕಡೆ, ಅದು ಚಿತ್ರದುರ್ಗ ಜಿಲ್ಲೆ. ವಾರಂಟು ಜಗಳೂರಿಗೆ ಹೋಗಿ "ಊರಿನಲ್ಲಿಲ್ಲ" ಅನ್ನೋ ಷರಾ ಹೊತ್ತು ವಾಪಸ್ ಬಂತು. ಆಸಾಮಿ ಚನ್ನಗಿರಿಯ ಅಡಿಕೆ ತೋಟವೊಂದರಲ್ಲಿ ಇನ್ನೊಂದು ಸಂಸಾರ ಹೂಡಿದ್ದ. ಆಮೇಲೆ ಕೂಲಿ ಬಿಟ್ಟು ಪ್ರತಿ ವರ್ಷ ಹೊನ್ನಾಳಿ ಬಸ್ಸು ಹತ್ತೋದು ಅವರಿಂದ ಆಗಲಿಲ್ಲ. 1997ರ ಆಗಸ್ಟ್ 15ಕ್ಕೆ ದಾವಣಗೆರೆ ಜಿಲ್ಲೆ ಹುಟ್ಟಿ ಇವೆಲ್ಲ ಊರೂ ಒಂದೇ ಜಿಲ್ಲೆಗೆ ಬಂದವು. ಅಷ್ಟೊತ್ತಿಗೆ ಮಗ ಲಾರಿಯಲ್ಲಿ ಕ್ಲೀನರ್ ಆಗಿದ್ದ.

ಕರ್ನಾಟಕದಿಂದಲೇ ಹೋದ ಒಂದು ಪ್ರಕರಣದಲ್ಲಿ ಸುಪ್ರೀಂ ಕೋರ್ಟು 2005ರಲ್ಲಿ, ಮೊದಲ ಅರ್ಜಿ ಇನ್ನೂ ನಡೆಯುತ್ತಿದ್ದರೆ ಆಮೇಲಿನ ಬಾಕಿಯನ್ನೂ ಅದಕ್ಕೇ ಸೇರಿಸಬಹುದು ಅಂದಿತು. 2013ರಲ್ಲಿ ಇನ್ನೊಂದು ಮಾತು: ವರ್ಷ ದಾಟಿದರೆ ವಾರಂಟು, ಜೈಲಿನ ದಾರಿ ಮುಚ್ಚುತ್ತದೆ, ಹಕ್ಕು ಸಾಯಲ್ಲ, ಸಿವಿಲ್ ದಾವೆ ಹೂಡಬಹುದು. ಓದಿ ಖುಷಿಯಾಯ್ತು. ಆದರೆ 1963ರ ಕಾಲಮಿತಿ ಕಾಯ್ದೆಯಲ್ಲಿ ಹಿಂದೂಗಳ ಜೀವನಾಂಶ ಬಾಕಿಯ ದಾವೆಗೆ ಮೂರೇ ವರ್ಷ. ನಮ್ಮ 15,840 ಎರಡೂ ಗಡಿ ದಾಟಿ ಕೂತಿದೆ. 2024ರ ಜುಲೈನಿಂದ ಹೊಸ ಸಂಹಿತೆ ಬಂದು 125 ಹೋಗಿ 144 ಆಗಿದೆ. ಒಂದು ವರ್ಷದ ಷರತ್ತು ಹಾಗೇ ಇದೆ.

ದೊಡ್ಡಮ್ಮನಿಗೆ ಈಗ ಯಾಕೆ ಇದು ನೆನಪಾಯ್ತು ಅಂತೀರಾ? ಹಳೇ 488ರಲ್ಲಿ ಹೆಂಡತಿ ಮಕ್ಕಳು ಮಾತ್ರ ಇದ್ದರು. 125 ಬಂದಾಗ ತಂದೆತಾಯಿಯೂ ಸೇರಿದರು. 2007ರಲ್ಲಿ ಹಿರಿಯ ನಾಗರಿಕರಿಗೆ ಪ್ರತ್ಯೇಕ ಕಾಯ್ದೆಯೇ ಬಂತು, ಉಪವಿಭಾಗಾಧಿಕಾರಿಗಳ ಮುಂದೆ ಅರ್ಜಿ ಕೊಟ್ಟರೆ ಸಾಕು. ಚನ್ನಗಿರಿಯ ಮನೆಯಿಂದ ಹೊರಬಿದ್ದ ದೊಡ್ಡಪ್ಪ ಈಗ ಮಗನ ಮೇಲೆ ಅದನ್ನೇ ಕೊಟ್ಟಿದ್ದಾರೆ. ಹಳೇ ಬಾಕಿ ವಜಾ ಮಾಡಿಕೊಳ್ಳಿ ಅನ್ನೋ ಸಾಲು ಆ ಕಾಯ್ದೆಯಲ್ಲಿಲ್ಲ, ಹುಡುಕಿದೆ.

ಇದನ್ನೆಲ್ಲ ಅಣ್ಣನಿಗೆ ಹೇಳಿದೆ. "ಊಟಕ್ಕೆ ಹಾಕಲ್ಲ ಅನ್ನಲ್ಲ ಕಣೋ, ಆದ್ರೆ ಸಾಹೇಬ್ರು ಇದನ್ನ ಒಂದ್ಸಲ ಓದ್ಲಿ" ಅಂದ. ಕಾಗದ ಮಡಿಕೆಯಲ್ಲಿ ಹರಿಯುತ್ತಿತ್ತು. ಬಸ್‌ಸ್ಟ್ಯಾಂಡ್ ಹತ್ತಿರ ಎರಡು ಜೆರಾಕ್ಸ್ ಮಾಡಿಸಿದೆವು. ಅಸಲಿ ವಾಪಸ್ ಟ್ರಂಕಿಗೆ ಹೋಯ್ತು.