ಕಾಪೆಲ್ಲೆಯ ಆಹಾರ ಬ್ಯಾಂಕಿಗೆ ಕೊಡುವುದಾದರೆ ಏನು ಕೊಡಬೇಕು, ಹೇಗೆ ಕೊಡಬೇಕು?

ಕಾಪೆಲ್ಲೆ ಆನ್ ಡೆನ್ ಐಸೆಲ್ (ನೆದರ್‌ಲ್ಯಾಂಡ್ಸ್): ಗಲ್ಫ್‌ನಿಂದ ಯುರೋಪಿಗೆ ಕೆಲಸ ಬದಲಿಸಿ ಹೋಗುವ ನಮ್ಮವರಿಗೆ ಅಲ್ಲಿನ ದಾನದ ರೀತಿ ಮೊದಮೊದಲು ವಿಚಿತ್ರ ಅನ್ನಿಸುತ್ತದೆ. ಅನ್ನದಾನ ಅಂದರೆ ನಮಗೆ ದೊಡ್ಡ ಹಂಡೆ, ಪಂಕ್ತಿ, ಬಡಿಸುವ ಕೈ. ಅಲ್ಲಿ ಸೀಲ್ ಒಡೆಯದ ಪ್ಯಾಕೆಟ್, ಅದರ ಮೇಲಿನ ತಾರೀಖು, ವಾರಕ್ಕೊಂದು ಕ್ರೇಟ್. ಅಷ್ಟೇ.

ಕಾಪೆಲ್ಲೆ ಇರುವುದು ರಾಟರ್‌ಡ್ಯಾಮ್‌ನ ಪೂರ್ವಕ್ಕೆ, ಹೊಲಾಂಡ್ಸೆ ಐಸೆಲ್ ನದಿಯ ದಡದಲ್ಲಿ. ರಾಟರ್‌ಡ್ಯಾಮ್ ಮೆಟ್ರೊದ ಸಿ ಮಾರ್ಗ ಇಲ್ಲಿನ ಡೆ ಟೆರ್ಪ್ ನಿಲ್ದಾಣದಲ್ಲಿ ಮುಗಿಯುತ್ತದೆ. ನೆದರ್‌ಲ್ಯಾಂಡ್ಸ್‌ನ ಮೊದಲ ಆಹಾರ ಬ್ಯಾಂಕ್, ಅಂದರೆ ಡಚ್ಚರ ‘ವೂಡ್ಸೆಲ್‌ಬ್ಯಾಂಕ್’, ಶುರುವಾದದ್ದು ಪಕ್ಕದ ರಾಟರ್‌ಡ್ಯಾಮ್‌ನಲ್ಲೇ. 2002ರಲ್ಲಿ ಶಾಕ್ ಮತ್ತು ಕ್ಲಾರಾ ಸೀಸ್ ದಂಪತಿ ಅದನ್ನು ಆರಂಭಿಸಿದರು. ಈಗ ದೇಶದಲ್ಲಿ 170ಕ್ಕೂ ಹೆಚ್ಚು ಇವೆ. ನಡೆಸುವವರು ಬಹುಪಾಲು ಸಂಬಳವಿಲ್ಲದ ಸ್ವಯಂಸೇವಕರು. ಅಂಥ ಶ್ರೀಮಂತ ದೇಶದಲ್ಲೂ ಹಸಿವೇ ಅಂತ ಕೇಳಬಹುದು. ಬಾಡಿಗೆ, ವಿದ್ಯುತ್, ಆರೋಗ್ಯ ವಿಮೆ, ಸಾಲದ ಕಂತು ಕಟ್ಟಿದ ಮೇಲೆ ಕೈಯಲ್ಲಿ ಏನೂ ಉಳಿಯದ ಮನೆಗಳು ಅಲ್ಲೂ ಇವೆ. ಅರ್ಜಿ ಹಾಕಿದವರ ಆದಾಯ, ಖರ್ಚಿನ ಕಾಗದಪತ್ರ ನೋಡಿಯೇ ಕ್ರೇಟ್ ಕೊಡುತ್ತಾರೆ. ಅವಧಿ ಸಾಮಾನ್ಯವಾಗಿ ಗರಿಷ್ಠ 3 ವರ್ಷ.

ಕ್ರೇಟ್‌ನ ಹೆಚ್ಚಿನ ಪಾಲು ಬರುವುದು ಸೂಪರ್‌ಮಾರ್ಕೆಟ್ ಮತ್ತು ಆಹಾರ ಕಂಪನಿಗಳಲ್ಲಿ ಮಿಕ್ಕಿದ ಮಾಲಿನಿಂದ. ಹಾಗಾಗಿ ಒಂದು ವಾರ ಮೊಸರೇ ಮೊಸರು, ಇನ್ನೊಂದು ವಾರ ಬರೀ ಸೊಪ್ಪು ತರಕಾರಿ. ಅಕ್ಕಿ, ಎಣ್ಣೆ, ಕಾಫಿ, ಪಾಸ್ತಾ, ಡಬ್ಬಿಯ ಕಡಲೆ ಅಥವಾ ಮೀನು ಇಂಥವು ಮಿಕ್ಕುವುದು ಕಡಿಮೆ. ಜನರ ದಾನ ಬೇಕಾಗುವುದು ಇಲ್ಲೇ. ಟೂತ್‌ಪೇಸ್ಟ್, ಶಾಂಪೂ, ಮಗುವಿನ ಡೈಪರ್, ಸ್ಯಾನಿಟರಿ ಪ್ಯಾಡ್ ಕೊಡುವುದು ಯಾರಿಗೂ ನೆನಪಾಗುವುದಿಲ್ಲ, ಬೇಕಾಗಿರುವುದು ಮಾತ್ರ ಎಲ್ಲರಿಗೂ.

ನಮ್ಮವರು ಗಮನಿಸಬೇಕಾದ ವಿಷಯ ಒಂದಿದೆ. ಊರಿಂದ ತಂದ ಉಪ್ಪಿನಕಾಯಿ, ಮನೆಯಲ್ಲಿ ಮಾಡಿದ ಚಕ್ಕುಲಿ, ಚೀಲಕ್ಕೆ ಸುರಿದು ಗಂಟು ಹಾಕಿದ ಅಕ್ಕಿ ಎಷ್ಟೇ ಚೆನ್ನಾಗಿದ್ದರೂ ಒಯ್ಯಬೇಡಿ. ಒಳಗೆ ಏನಿದೆ, ಯಾರಿಗೆ ಅಲರ್ಜಿ ಆಗಬಹುದು ಅಂತ ಹೇಳುವ ಲೇಬಲ್ ಇಲ್ಲದ್ದನ್ನು ಅವರು ಹಂಚುವ ಹಾಗಿಲ್ಲ. ಇಂಡಿಯನ್ ಅಂಗಡಿಯ ಅಕ್ಕಿ, ಬೇಳೆ ಕೊಡಬಹುದು, ಸೀಲ್ ಮತ್ತು ಅಲ್ಲಿನವರು ಓದಬಲ್ಲ ಲೇಬಲ್ ಇದ್ದರೆ. ತಾರೀಖು ನೋಡುವಾಗ ಡಚ್ ಪ್ಯಾಕೆಟ್‌ಗಳಲ್ಲಿ ಎರಡು ಬಗೆ ಇರುತ್ತದೆ. ‘ಟಿ.ಎಚ್.ಟಿ.’ ಅಂದರೆ ಆ ದಿನದವರೆಗೆ ಗುಣಮಟ್ಟ ಖಾತ್ರಿ, ದಾಟಿದರೂ ಕೆಲವು ಪದಾರ್ಥ ತಿನ್ನಬಹುದು. ‘ಟಿ.ಜಿ.ಟಿ.’ ಮಾಂಸ, ಮೀನಿನಂಥ ಬೇಗ ಕೆಡುವ ವಸ್ತುಗಳ ಮೇಲಿರುತ್ತದೆ, ಆ ದಿನ ದಾಟಿದರೆ ಕಸವೇ. ಮನೆಯಿಂದ ಕೊಡುವವರು ಮಾತ್ರ ಎರಡೂ ದಾಟದ್ದನ್ನೇ ಕೊಡಿ. ಕಪಾಟು ಖಾಲಿ ಮಾಡುವುದು ದಾನವಲ್ಲ, ಅದನ್ನು ಆಯ್ದು ಎಸೆಯುವ ಕೆಲಸ ಸ್ವಯಂಸೇವಕರ ತಲೆಗೆ ಬೀಳುತ್ತದೆ.

ಹಣ ಕೊಟ್ಟರೆ ಅದು ಹೆಚ್ಚಾಗಿ ವ್ಯಾನ್, ಡೀಸೆಲ್, ಗೋದಾಮಿನ ಬಾಡಿಗೆ, ಕೋಲ್ಡ್ ಸ್ಟೋರೇಜ್‌ಗೆ ಹೋಗುತ್ತದೆ. ಸಂಸ್ಥೆಗೆ ‘ಆನ್ಬಿ’ ಮಾನ್ಯತೆ ಇದ್ದರೆ ತೆರಿಗೆ ವಿನಾಯಿತಿ ಉಂಟು. ಬಿಡಿ ದಾನವಾದರೆ ವರ್ಷದ ಆದಾಯದ ಶೇ. 1 (ಕನಿಷ್ಠ 60 ಯೂರೊ) ದಾಟಿದ ಮೊತ್ತಕ್ಕಷ್ಟೇ. ಕನಿಷ್ಠ 5 ವರ್ಷ ಕೊಡುವ ಲಿಖಿತ ಒಪ್ಪಂದ ಮಾಡಿಕೊಂಡರೆ ಈ ಕೆಳಮಿತಿ ಇಲ್ಲ. ಅಷ್ಟು ಶಕ್ತಿ ಇಲ್ಲದವರಿಗೆ ಬಾಟಲಿ ಇದೆ. ದೊಡ್ಡ ಪ್ಲಾಸ್ಟಿಕ್ ಬಾಟಲಿಗೆ 25 ಸೆಂಟ್, ಚಿಕ್ಕದಕ್ಕೆ ಮತ್ತು ಕ್ಯಾನ್‌ಗೆ 15 ಸೆಂಟ್ ಠೇವಣಿ ವಾಪಸ್ ಬರುತ್ತದೆ. ಅನೇಕ ಸೂಪರ್‌ಮಾರ್ಕೆಟ್‌ಗಳಲ್ಲಿ ಆ ಹಣವನ್ನು ದಾನಕ್ಕೆ ಬಿಡಬಹುದು. ಸಾಮಾನು ಹಿಡಿದು ನೇರ ಹೊರಡುವ ಮೊದಲು ಒಕ್ಕೂಟದ ವೆಬ್‌ಸೈಟಿನಲ್ಲಿ ಹತ್ತಿರದ ಕೇಂದ್ರ ಯಾವುದು, ಯಾವ ದಿನ ತೆಗೆದುಕೊಳ್ಳುತ್ತಾರೆ ನೋಡಿಕೊಳ್ಳಿ.

ಕೆಲಸ ಕಳೆದುಕೊಂಡ ವೀಸಾದಾರರಿಗೂ ಒಂದು ಮಾತು. ಸರ್ಕಾರದ ಜೀವನಭತ್ಯೆ ಕೇಳಿದರೆ ವಾಸದ ಪರವಾನಗಿಗೆ ತೊಂದರೆ ಬರಬಹುದು. ಆಹಾರ ಬ್ಯಾಂಕ್ ಸರ್ಕಾರಿ ಭತ್ಯೆಯಲ್ಲ, ಖಾಸಗಿ ದತ್ತಿ ಸಂಸ್ಥೆ. ಎರಡನ್ನೂ ಒಂದೇ ಅಂದುಕೊಂಡು ಮಕ್ಕಳನ್ನು ಅರೆಹೊಟ್ಟೆಯಲ್ಲಿ ಇಡಬೇಡಿ.

ಇದನ್ನು ಓದಿ ಗಲ್ಫ್‌ನಲ್ಲೂ ನಾವೇ ಒಂದು ಶುರು ಮಾಡೋಣ ಅನ್ನುವವರು ಸ್ವಲ್ಪ ತಡೆಯಿರಿ. ಯುಎಇಯಲ್ಲಿ 2021ರ ಫೆಡರಲ್ ಕಾನೂನು ಸಂಖ್ಯೆ 3ರ ಪ್ರಕಾರ ಪರವಾನಗಿ ಇಲ್ಲದೆ ದಾನ ಸಂಗ್ರಹಿಸುವುದು ಅಪರಾಧ. ವಾಟ್ಸ್ಆ್ಯಪ್ ಗುಂಪಿನಲ್ಲಿ ಖಾತೆ ನಂಬರ್ ಹಾಕಿ ‘ತಲಾ 20 ದಿರ್ಹಂ ಕಳಿಸಿ’ ಅಂದರೂ ಸಿಕ್ಕಿಬೀಳಬಹುದು. ಸೌದಿ, ಕುವೈತ್‌ನಲ್ಲೂ ನಿಯಮ ಬಿಗಿ. ದುಬೈನಲ್ಲಿ 2017ರಲ್ಲಿ ಆರಂಭವಾದ ಯುಎಇ ಫುಡ್ ಬ್ಯಾಂಕ್, ಸೌದಿಯಲ್ಲಿ ಇತ್‌ಆಮ್ ಸಂಸ್ಥೆ ಇವೆ, ಅವುಗಳ ಮೂಲಕವೇ ಕೊಡಿ. ಕ್ಯಾಂಪ್‌ನಲ್ಲಿ ಸಂಬಳ ನಿಂತು ಊಟಕ್ಕೆ ಇಲ್ಲದೆ ಕೂತವರು ಯಾರಾದರೂ ಗೊತ್ತಿದ್ದರೆ ಚಂದಾ ಎತ್ತುವ ಮೊದಲು ಭಾರತೀಯ ರಾಯಭಾರ ಕಚೇರಿ ಅಥವಾ ಕಾನ್ಸುಲೇಟ್‌ಗೆ ತಿಳಿಸಿ. ಸಂಕಷ್ಟದಲ್ಲಿರುವ ಭಾರತೀಯರ ಊಟ, ವಸತಿಗೆಂದು 2009ರಿಂದ ಅಲ್ಲಿ ಸಮುದಾಯ ಕಲ್ಯಾಣ ನಿಧಿ ಇದೆ.